ಬೆಂಕಿಯ ಹತ್ತಿರ ನಿಂತ ಕಥೆ

"ಅಮ್ಮಾ, ನಾಂಬೆವೆ ಅಜ್ಜಿಗೆ ಕಥೆ ಮರೆತುಹೋಗಿದೆಯಾ, ಇಲ್ಲಾ ನಮಗೆ ಹೇಳಬಾರದು ಅಂತ ಬಚ್ಚಿಟ್ಟುಕೊಂಡಿದ್ದಾರಾ?"

ತಮಾಂಡಾ ಹೀಗೆ ಕೇಳಿದಾಗ ಎನೆಲೆಸಿ ಮುದ್ದೆ ತಿರುವುವ ಕೋಲಿಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಬಳಿಯುತ್ತಿದ್ದಳು. ಬೆನ್ನಿಗೆ ಕಟ್ಟಿಕೊಂಡ ಕೂಸು ನಿದ್ದೆಯಲ್ಲೂ ಅವಳ ಕತ್ತಿನ ಮಣಿಸರ ಹಿಡಿದುಕೊಂಡಿತ್ತು. ಗಂಡ ಆಗಲೇ ಬಲೆ ಹೊತ್ತು ದೋಣಿಯ ಕಡೆ ಹೋಗಿದ್ದ. ಇನ್ನು ಬೆಳಗಿನವರೆಗೆ ಮನೆಯಲ್ಲಿ ಅವಳು, ಕೂಸು, ಮತ್ತು ಐದು ವರ್ಷದ ಈ ಪ್ರಶ್ನೆಗಳ ಮೂಟೆ.

"ಯಾಕಮ್ಮಾ ಹಾಗಂತೀಯ?"

"ಇವತ್ತೂ ಅಲ್ಲೇ ನಿಲ್ಲಿಸಿಬಿಟ್ಟರು. ಆಮೆ ತಲೆ ಒಳಗೆ ಎಳಕೊಳ್ತು, ಹುಲ್ಲಿಗೆ ಬೆಂಕಿ ಬಿತ್ತು, ಅಷ್ಟೇ. ಆಮೇಲೆ ಅಜ್ಜಿ ಸುಮ್ಮನೆ ಚಾಪೆ ನೋಡ್ತಾ ಕೂತರು. ಆಮೆ ಸುಟ್ಟುಹೋಯ್ತಾ?"

ಎನೆಲೆಸಿಗೂ ಕಥೆಯ ಕೊನೆ ಗಟ್ಟಿಯಾಗಿ ಗೊತ್ತಿರಲಿಲ್ಲ. ನಾಚಿಕೆಯ ಮಾತೇನೆಂದರೆ, ಆ ಕಥೆಯನ್ನು ಅವಳೂ ಚಿಕ್ಕಂದಿನಲ್ಲಿ ಅದೇ ಜಗಲಿಯ ಮೇಲೆ ಕೂತು ಎಷ್ಟು ಸಲ ಕೇಳಿದ್ದಳೋ. ಬೆಂಕಿಯ ತನಕ ಎಲ್ಲವೂ ನೆನಪಿತ್ತು. ಬೆಂಕಿ ಬಿದ್ದ ಮೇಲೆ ಮಾತ್ರ ಪ್ರತಿ ಸಲವೂ ನಾಂಬೆವೆ ಒಂದು ಹೇಳುವಳು, ಪಕ್ಕದಲ್ಲಿ ಕೂತ ಗೆಳತಿ ಮಲಿತಾ ಇನ್ನೊಂದು ಹೇಳುವಳು, ಇಬ್ಬರ ಜಗಳ ಮುಗಿಯುವಷ್ಟರಲ್ಲಿ ಎನೆಲೆಸಿ ಅಮ್ಮನ ತೊಡೆಯ ಮೇಲೆ ನಿದ್ದೆಹೋಗಿರುತ್ತಿದ್ದಳು. "ಸುಟ್ಟಿರಲ್ಲ, ಮಲಕ್ಕೋ" ಎಂದಳು. ತಮಾಂಡಾ ನಂಬಲಿಲ್ಲ. ಚಾಪೆಯ ಮೇಲೆ ತುಂಬ ಹೊತ್ತು ಹೊರಳಾಡಿದಳು.

ಊರಿನವರೆಲ್ಲ ನಾಂಬೆವೆಯನ್ನು ಅಜ್ಜಿ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರೂ ಕೂಡ. ಬದುಕಿಡೀ ಸಣ್ಣ ಮೀನಿನ ವಾಸನೆಯಲ್ಲೇ ಕಳೆದವಳು. ನಸುಕಿನಲ್ಲಿ ದೋಣಿಗಳು ಸರೋವರದ ದಡಕ್ಕೆ ಬರುವಾಗ ಸೊಂಟದವರೆಗೆ ನೀರಿಗಿಳಿದು ಮೀನು ಕೊಳ್ಳುವುದು, ಜೊಂಡಿನ ಅಟ್ಟಣೆಯ ಮೇಲೆ ಹರಡುವುದು, ಬಿಸಿಲೇರಿದಂತೆ ತಿರುವಿ ಹಾಕುವುದು, ಕಾಗೆಗಳಿಗೆ ಬೈಯುವುದು, ಸಂಜೆ ಸೈಕಲ್ಲಿನ ವ್ಯಾಪಾರಿಗಳ ಜೊತೆ ಗೊಣಗುತ್ತ ಮಾರುವುದು. ಮನೆ ಅವಳ ತಾಯಿಯದು, ತಾಯಿಯ ತಾಯಿಯದು. ಗಂಡಂದಿರು ಆ ಮನೆಗೆ ಬಂದರು, ಹೋದರು. ಒಬ್ಬ ದಕ್ಷಿಣದ ಗಣಿಗೆ ಹೋದವನು ಅಲ್ಲೇ ಯಾರನ್ನೋ ಕಟ್ಟಿಕೊಂಡ. ಇನ್ನೊಬ್ಬ ಒಳ್ಳೆಯವನು, ಬೇಗ ಸತ್ತ. ಇದನ್ನೆಲ್ಲ ಅವಳು ಮೀನಿನ ದರ ಹೇಳುವ ಧ್ವನಿಯಲ್ಲೇ ಹೇಳುತ್ತಿದ್ದಳು.

ಕತ್ತಲಾಗುತ್ತಿದ್ದಂತೆ ಮಾತ್ರ ಅವಳ ಧ್ವನಿ ಬೇರೆಯಾಗುತ್ತಿತ್ತು. ಸುತ್ತಮುತ್ತಲಿನ ಮಕ್ಕಳೆಲ್ಲ ಊಟದ ಕೈ ತೊಳೆಯದೆ ಅವಳ ಜಗಲಿಗೆ ಓಡುತ್ತಿದ್ದರು. ಅವಳ ಕಥೆಗಳಲ್ಲಿ ರಾಜರಿರಲಿಲ್ಲ, ಮಾಟಗಾತಿಯರೂ ಇರಲಿಲ್ಲ. ಇದ್ದವರೆಲ್ಲ ಜೊತೆಗೆ ಬಾಳಲಾರದೆಯೂ ಜೊತೆಗೆ ಬಾಳುತ್ತಿದ್ದ ಪ್ರಾಣಿಗಳು. ಉಣ್ಣುವಾಗ ಹಾಡುವ ಕಪ್ಪೆ, ಹಾಡು ಕೇಳಿದರೆ ಹಸಿವೇ ಕಟ್ಟಿಹೋಗುವ ಏಡಿ. ಎಲ್ಲದಕ್ಕೂ "ನನಗೆ ಮೊದಲೇ ಗೊತ್ತಿತ್ತು" ಎನ್ನುವ ಕೋತಿ, ಅದರ ಜೊತೆ ಹೊಲ ಮಾಡಿದ ಕಾಡುಹಂದಿ. ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಕಣ್ಣಿಗೆ ಬಿದ್ದ ಮರಳು. ಕೊನೆಗೆ ಆ ಮರಳೇ ಒಂದು ಕೆಲಸಕ್ಕೆ ಬರುತ್ತಿತ್ತು, ಇಲ್ಲವೇ ಬರುತ್ತಿರಲಿಲ್ಲ.

ಆ ಊರಿನಲ್ಲಿ ಕಥೆ ಒಬ್ಬರಿಂದ ನಡೆಯುವುದಿಲ್ಲ. ಹೇಳುವವರು ಒಂದು ಮಾತು ಮುಗಿಸಿದರೆ ಹ್ಞೂಂಗುಟ್ಟುವವರು "ಜೊತೆಗೇ ಇದ್ದೀವಿ" ಎನ್ನಬೇಕು. ಹಾಗನ್ನದಿದ್ದರೆ ಮುಂದಿನ ಮಾತು ಬರಕೂಡದು. ಮಕ್ಕಳೆಲ್ಲ ಅನ್ನುತ್ತಿದ್ದರು, ಆದರೆ ಮುಂದಾಳು ಮಲಿತಾ. ಅವಳ ಮೋಟು ಸ್ಟೂಲು ನಾಂಬೆವೆಯ ಜಗಲಿಯಲ್ಲೇ ಇರುತ್ತಿತ್ತು. ಮಳೆ ಬಂದರೆ ನಾಂಬೆವೆ ತನ್ನ ಉಪ್ಪಿನ ಚೀಲಕ್ಕಿಂತ ಮೊದಲು ಆ ಸ್ಟೂಲನ್ನು ಒಳಗೆ ತರುತ್ತಿದ್ದಳು.

ಮಲಿತಾ ಬೆಟ್ಟದ ಬುಡದ ಕಡೆಯವಳು. ಗಂಡನ ಹಿಂದೆ ಈ ದಡಕ್ಕೆ ಬಂದಾಗ ಅವಳಿಗೆ ಇಲ್ಲಿ ಅಕ್ಕನಿಲ್ಲ, ತಂಗಿಯಿಲ್ಲ, ಮಾತು ಎಳೆಯುವ ರೀತಿಗೆ ಕೈಪಂಪಿನ ಹತ್ತಿರ ಹೆಂಗಸರೆಲ್ಲ ನಗುತ್ತಿದ್ದರು. ನಾಂಬೆವೆಯೂ ನಕ್ಕವಳೇ. ಆದರೆ ಒಂದು ಸಂಜೆ ಬುಟ್ಟಿಯ ತುಂಬ ಒಣಮೀನು ಇಟ್ಟು ಅವಳ ಬಾಗಿಲಲ್ಲಿ ಬಿಟ್ಟು ಬಂದಳು. ಮಲಿತಾ ಅದೇ ಬುಟ್ಟಿಯಲ್ಲಿ ಕೆಂಪು ಹುರುಳಿಕಾಯಿ ಕಾಳು ತುಂಬಿ ಕಳಿಸಿದಳು. ಹೀಗೆ ಬುಟ್ಟಿ ಕೊಟ್ಟು ಬುಟ್ಟಿ ಪಡೆದ ಹೆಂಗಸರಿಬ್ಬರು ಊರ ಕಣ್ಣಿಗೆ ಅಕ್ಕತಂಗಿಯರಿಗಿಂತ ಹೆಚ್ಚು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ, ಬುಟ್ಟಿಯ ಗೆಳತಿ ಎಂಬರ್ಥದಲ್ಲಿ "ಅಂಜಿರಾ" ಎನ್ನಬೇಕು. ಬುಟ್ಟಿ ಎಂದೂ ಖಾಲಿ ಹಿಂದಿರುಗಕೂಡದು, ಒಂದು ಹಿಡಿ ಉಪ್ಪಾದರೂ ಇರಬೇಕು. ಅವರ ಬುಟ್ಟಿಯ ಅಂಚು ಎಷ್ಟೋ ಸಲ ಹೆಣೆದು ಹೆಣೆದು, ಮೊದಲು ಅದು ಯಾರದಾಗಿತ್ತು ಎಂಬುದೇ ಈಗ ತಿಳಿಯುವಂತಿರಲಿಲ್ಲ.

ಹಾಗಂತ ಅವರ ಸ್ನೇಹ ನೋಡಲು ಚೆಂದದ್ದೇನಲ್ಲ. ನಾಂಬೆವೆಗೆ ಕಥೆ ಹೇಳುವಾಗ ಪಕ್ಕದವರ ಮೊಣಕಾಲಿಗೆ ರಪ್ಪೆಂದು ಹೊಡೆಯುವ ಚಟ. ಪ್ರತಿ ಮಾತಿಗೂ ಒಂದು ಏಟು. ಮಲಿತಾಳಿಗೆ ತಿದ್ದುವ ಚಟ. ನಾಂಬೆವೆ "ಮಡಕೆ ತುಂಬ ಕುಂಬಳಕಾಯಿ" ಎಂದರೆ ಸಾಕು, "ಮಡಕೆಯಲ್ಲಿ ಕುಂಬಳಕಾಯಿ ಹೇಗೆ ಹಿಡಿಸತ್ತೆ, ಕಾಳು ಅನ್ನು" ಎನ್ನುವಳು. ಇವಳು ಹೊಡೆಯುವಳು, ಅವಳು ತಿದ್ದುವಳು, ಮಕ್ಕಳು ಬಿದ್ದು ಬಿದ್ದು ನಗುವರು.

"ನನ್ನ ಮಂಡಿ ಸವೆದದ್ದು ವಯಸ್ಸಿಗಲ್ಲ, ನಿನ್ನ ಕಥೆಗೆ" ಎಂದು ಮಲಿತಾ ಮೊಣಕಾಲು ನೀವಿಕೊಳ್ಳುತ್ತಿದ್ದಳು.

"ಆ ಬಾಯಿಗೆ ಇದೇ ಬೀಗ, ಅಂಜಿರಾ. ಬೇರೆ ಯಾವುದೂ ಹತ್ತಲ್ಲ" ಎನ್ನುತ್ತಿದ್ದಳು ನಾಂಬೆವೆ.

ಎನೆಲೆಸಿಯ ಅಮ್ಮ ಬದುಕಿದ್ದಾಗ ಒಂದು ಮಾತು ಹೇಳಿದ್ದಳು. ವಾಂತಿಭೇದಿ ಊರನ್ನು ಬಡಿದ ವರ್ಷ ನಾಂಬೆವೆಯ ಕಿರಿಮಗಳು ಹೋದಳಂತೆ. ಮಣ್ಣು ಮಾಡಿ ಬಂದ ಮೇಲೆ ನಾಂಬೆವೆ ಗೋಡೆಗೆ ಒರಗಿ ಮಗುವಿನ ಬಗ್ಗೆ ಏನೇನೋ ಹೇಳುತ್ತಿದ್ದಳಂತೆ, ಅದು ಹಲ್ಲು ಬಂದಾಗ ಏನು ಮಾಡಿತು, ಯಾವ ಮೀನು ತಿನ್ನುತ್ತಿರಲಿಲ್ಲ, ಹೀಗೆ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಲಿತಾ ಮಾತ್ರ ತನ್ನ ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡು, ಒಂದೊಂದು ಮಾತಿಗೂ "ಜೊತೆಗೇ ಇದ್ದೀವಿ" ಎನ್ನುತ್ತ ಕೂತಿದ್ದಳಂತೆ. ಆ ದಿನ ಒಂದನ್ನೂ ತಿದ್ದಲಿಲ್ಲವಂತೆ.

ಇಂಥ ಮಲಿತಾ ಈಗ ಬರುವುದನ್ನು ಬಿಟ್ಟಿದ್ದಳು.

ಆದದ್ದು ಹೀಗೆ. ಹುಲ್ಲು ಒಣಗುವ ಕಾಲ ಶುರುವಾದಾಗ ಪಟ್ಟಣದಿಂದ ಒಬ್ಬಳು ಹುಡುಗಿ ಬಂದಳು. ಮಕ್ಕಳ ಪುಸ್ತಕ ಮಾಡುವವರ ಕಡೆಯವಳು. ಸ್ನೇಹ ಮಾಡಿ ಒಬ್ಬರಿಗೊಬ್ಬರು ಕಿರಿಕಿರಿ ಕೊಡುವ ಪ್ರಾಣಿಗಳ ಕಥೆ ಬೇಕು, ಅಂಥವು ಈ ದಡದಲ್ಲೇ ಸಿಗುತ್ತವೆಂದು ಕೇಳಿದ್ದೇನೆ ಎಂದಳು. ಒಳ್ಳೆಯ ಹುಡುಗಿ, ದೂಳು ತುಂಬಿದ ಮುಖದಲ್ಲೂ ನಗುತ್ತಿದ್ದಳು. ಆದರೆ ಅವಳಿಗೆ ಸಂಜೆಯೊಳಗೆ ಹೆದ್ದಾರಿ ಮುಟ್ಟಬೇಕಿತ್ತು. ಹಗಲಲ್ಲಿ ಕಥೆ ಹೇಳಿದರೆ ತಲೆಯ ಮೇಲೆ ಕೊಂಬು ಮೊಳೆಯುತ್ತದೆಂದು ಊರಲ್ಲಿ ಎಲ್ಲರಿಗೂ ಗೊತ್ತು. ನಾಂಬೆವೆ ಯೋಚಿಸಿದಳು. ಬಾಗಿಲು ಹಾಕಿದಳು, ಕಿಟಕಿಗೆ ತನ್ನ ದಪ್ಪ ಸುತ್ತುಬಟ್ಟೆ ಕಟ್ಟಿದಳು, ಮೂಲೆಯಲ್ಲಿ ದೀಪ ಹಚ್ಚಿದಳು. ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಎನೆಲೆಸಿಯೂ ಕೂಸನ್ನು ಎತ್ತಿಕೊಂಡು ಗೋಡೆಯ ಪಕ್ಕ ನಿಂತಿದ್ದಳು. ಮಲಿತಾ ಸ್ಟೂಲಿನ ಮೇಲೆ, ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು.

ಕಥೆ ಆಮೆ ಮತ್ತು ಗಿನಿಕೋಳಿಯದು. ಇಬ್ಬರೂ ಒಂದೇ ಮುಳ್ಳುಮರದ ಕೆಳಗೆ ವಾಸ. ಗಿನಿಕೋಳಿಗೆ ಎಲೆ ಉದುರಿದರೂ ಕಿರುಚುವ ಚಟ. ಆಮೆಗೆ ಮಾತಿನ ನಡುವೆಯೇ ತಲೆ ಒಳಗೆ ಎಳೆದುಕೊಳ್ಳುವ ಚಟ. ಕೊನೆಗೆ ಬೇಸತ್ತು ಗಿನಿಕೋಳಿ ಹುತ್ತದ ಆಚೆಗೆ ಮನೆ ಬದಲಾಯಿಸಿತು. ಆ ದಿನವೇ ಹುಲ್ಲಿಗೆ ಬೆಂಕಿ ಬಿತ್ತು. ಗಿನಿಕೋಳಿ ಕಿರುಚಿತು. ಮತ್ತೆ ಎಲೆ ಉದುರಿರಬೇಕು ಎಂದುಕೊಂಡು ಆಮೆ ತಲೆ ಒಳಗೆ ಎಳೆದುಕೊಂಡಿತು. ಇಲ್ಲಿಂದ ಮುಂದೆ ಗೆಳತಿಯರ ಜಗಳ. ಆಮೆಯನ್ನು ಉಳಿಸಲು ಬೆಂಕಿಯೊಳಗೆ ಹಾದು ಬಂದದ್ದಕ್ಕೆ ಗಿನಿಕೋಳಿಯ ಗರಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬೂದಿ ಕೂತಿತು ಎಂದು ನಾಂಬೆವೆ. ಬೂದಿಯಾದರೆ ಮೊದಲ ಮಳೆಗೇ ತೊಳೆದುಹೋಗುತ್ತಿತ್ತು, ಅದು ಆಮೆ ಕೃತಜ್ಞತೆಯಿಂದ ಚಿಮುಕಿಸಿದ ಹಿಟ್ಟು ಎಂದು ಮಲಿತಾ. ಆ ದಿನ ಪಟ್ಟಣದವಳ ಮುಂದೆ ಇಬ್ಬರಿಗೂ ಹುರುಪು. ಏಟು ಜೋರಾಯಿತು, ತಿದ್ದುವುದೂ ಜೋರಾಯಿತು, ಆಮೆಯ ಗತಿ ಏನಾಯಿತೆಂಬುದು ಆ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ಹುಡುಗಿ ತಾನು ತಂದಿದ್ದ ಧ್ವನಿ ಹಿಡಿಯುವ ಯಂತ್ರ ನಿಲ್ಲಿಸಿ ಕಿವಿಗೆ ಇಟ್ಟುಕೊಂಡು ಕೇಳಿದಳು. ಎರಡು ಧ್ವನಿ ಒಂದರ ಮೇಲೊಂದು ಬಿದ್ದು ಏನೂ ತಿಳಿಯುತ್ತಿಲ್ಲ, ಬರೆದುಕೊಳ್ಳಲು ಆಗುವುದಿಲ್ಲ, ದಯವಿಟ್ಟು ಅಜ್ಜಿಯೊಬ್ಬರೇ ಇನ್ನೊಮ್ಮೆ ಹೇಳಬಹುದೇ ಎಂದಳು. ಸೆಕೆಗೆ ಎಲ್ಲರೂ ಬೆವೆತಿದ್ದರು. ಹೊರಗೆ ಮೀನು ತಿರುವಬೇಕಿತ್ತು. ನಾಂಬೆವೆ ಹಣೆ ಒರೆಸಿಕೊಂಡು, ಗೆಳತಿಯ ಮುಖ ನೋಡದೆ ಅಂದಳು:

"ಮಲಿತಾ, ಸ್ವಲ್ಪ ಹೊತ್ತು ಹೊರಗೆ ಕೂತಿರು."

ಹೆಸರು. ಅಷ್ಟು ಜನ ಮಕ್ಕಳ ಮುಂದೆ, ಪಟ್ಟಣದವಳ ಮುಂದೆ, ಹೆಸರು ಹಿಡಿದು ಕರೆದಿದ್ದಳು. ಪಟ್ಟಣದವಳಿಗೆ ಗೊತ್ತಾಗಲಿಲ್ಲ, ಗೊತ್ತಾಗಬೇಕೂ ಇರಲಿಲ್ಲ. ಮಲಿತಾ ಎದ್ದಳು. ನಿಧಾನವಾಗಿ ಬಗ್ಗಿ ಸ್ಟೂಲು ತೆಗೆದುಕೊಂಡಳು.

"ನನ್ನ ಬಾಯಿ ಬೇಡ ಅಂದಮೇಲೆ ಕಿವಿ ಯಾಕೆ ಬಿಟ್ಟು ಹೋಗಲಿ" ಅಂದಳು. ಹೊರಗೆ ಕೂರಲಿಲ್ಲ. ಸ್ಟೂಲನ್ನು ತಲೆಯ ಮೇಲಿಟ್ಟುಕೊಂಡು ತನ್ನ ಮನೆಗೆ ನಡೆದುಬಿಟ್ಟಳು.

ನಾಂಬೆವೆ ಒಬ್ಬಳೇ ಮತ್ತೆ ಶುರು ಮಾಡಿದಳು. ಒಂದೊಂದು ಮಾತಿಗೂ ಕೈ ಎತ್ತಿ ಬರಿಯ ಚಾಪೆಗೆ ಹೊಡೆಯುತ್ತಿದ್ದಳು. ಬೆಂಕಿಯ ತನಕ ಬಂತು, ನಿಂತಿತು. ಹುಡುಗಿ ಕಾದಳು. ಮಕ್ಕಳು "ಜೊತೆಗೇ ಇದ್ದೀವಿ" ಎಂದರು, ಇನ್ನೊಮ್ಮೆ ಎಂದರು. ನಾಂಬೆವೆ ಎದ್ದು ಕಿಟಕಿಯ ಬಟ್ಟೆ ಬಿಚ್ಚಿದಳು. ಹೊತ್ತಾಯಿತು, ಮೀನು ಸುಡುತ್ತೆ ಎಂದಳು. ಹುಡುಗಿ ಉಳಿದರ್ಧಕ್ಕೆ ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಟಳು.

ಮರುದಿನ ನಾಂಬೆವೆ ಇದ್ದುದರಲ್ಲಿ ಬೆಳ್ಳಗೆ ಒಣಗಿದ ಮೀನನ್ನು ಆರಿಸಿ ಬುಟ್ಟಿಗೆ ತುಂಬಿ ತಮಾಂಡಾಳ ಕೈಯಲ್ಲಿ ಕಳಿಸಿದಳು. ತಪ್ಪಾಯಿತೆಂದು ತಾನೇ ಹೊಸಿಲು ತುಳಿಯುವಂತಿಲ್ಲ, ಬುಟ್ಟಿಯ ಉತ್ತರ ಬರುವವರೆಗೆ ಕಾಯಬೇಕು. ಸಂಜೆ ಬುಟ್ಟಿ ಬಂತು. ಚೆನ್ನಾಗಿ ತೊಳೆದು, ಒಣಗಿಸಿ, ಖಾಲಿ.

"ಏನಾದರೂ ಹೇಳಿದಳಾ?"

"ಮೀನು ಚೆನ್ನಾಗಿದೆ ಅಂದರು" ಎಂದಳು ತಮಾಂಡಾ.

"ಮೀನು ಮಾತ್ರ ತಿಂದಳು, ನನ್ನ ತಪ್ಪನ್ನು ನುಂಗಲಿಲ್ಲ" ಎಂದು ನಾಂಬೆವೆ ಮಗಳ ಜೊತೆ ಬಂದಿದ್ದ ಎನೆಲೆಸಿಯ ಕಡೆ ನೋಡಿದಳು. ನಗಲು ನೋಡಿದಳು, ಆಗಲಿಲ್ಲ. ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಒಯ್ದು, ಬೋರಲು ಹಾಕಿ ಇಟ್ಟಳು. ಖಾಲಿ ಬುಟ್ಟಿಗೆ ಎರಡನೆಯ ಬುಟ್ಟಿ ಕಳಿಸುವ ಕ್ರಮ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಮೇಲಿನ ಸಂಜೆಗಳು ಎಲ್ಲರಿಗೂ ಭಾರವಾದವು. ಮಕ್ಕಳು ಬೇಡಿದ್ದಕ್ಕೆ ನಾಂಬೆವೆ ಕಥೆ ಶುರು ಮಾಡುತ್ತಿದ್ದಳು, ಅದೇ ಕಥೆ, ಬೇರೆ ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಬೆಂಕಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಅಲ್ಲಿ ಯಾರಾದರೂ "ಹಾಗಲ್ಲ" ಎನ್ನಬೇಕಿತ್ತು, ಆ ಹಾಗಲ್ಲದ ಮೇಲೆ ಕಾಲಿಟ್ಟೇ ಅವಳ ಕಥೆ ಇಷ್ಟು ವರ್ಷ ಮುಂದೆ ದಾಟಿತ್ತು. ಒಮ್ಮೆ ತಮಾಂಡಾ ಮಲಿತಾಳ ಜಾಗದಲ್ಲಿ ಕೂತು ಸಹಾಯ ಮಾಡಲು ಹೋಗಿ, ಮೊಣಕಾಲಿಗೆ ಏಟು ತಿಂದು ಅಳುತ್ತ ಮನೆಗೆ ಬಂದಳು. ಆ ರಪ್ಪೆನ್ನುವ ಏಟಿಗೆ ತನ್ನ ಕೈಯೇ ಹೆದರಿದಂತೆ ನಾಂಬೆವೆ ಮರುದಿನದಿಂದ ಕೈಗಳನ್ನು ಬಟ್ಟೆಯೊಳಗೆ ಸುತ್ತಿಟ್ಟುಕೊಂಡು ಕೂರತೊಡಗಿದಳು. ಮೀನಿನ ಕೆಲಸದಲ್ಲೂ ಗಮನ ತಪ್ಪಿತು. ಒಂದು ಅಟ್ಟಣೆ ಪೂರಾ ಇಬ್ಬನಿಗೆ ಬಿಟ್ಟು ಕಪ್ಪಾಗಿಸಿದಳು. ಎನೆಲೆಸಿಗೂ ನಷ್ಟವೇ. ಅಜ್ಜಿಯ ಕಥೆಯ ಹೊತ್ತೆಂದರೆ ಅವಳಿಗೆ ಇಡೀ ದಿನದಲ್ಲಿ ಸಿಗುತ್ತಿದ್ದ ಒಂದೇ ಬಿಡುವು. ಆಗಲೇ ಪಾತ್ರೆ ತೊಳೆಯುವುದು, ಆಗಲೇ ಕೂಸಿಗೆ ಸಮಾಧಾನವಾಗಿ ಹಾಲು ಕೊಡುವುದು, ಆಗಲೇ ಎರಡು ನಿಮಿಷ ಗೋಡೆಗೆ ತಲೆ ಆನಿಸುವುದು. ಈಗ ತಮಾಂಡಾ ಬೇಗ ವಾಪಸಾಗಿ, ಆಮೆ ಸುಟ್ಟಿತೋ ಇಲ್ಲವೋ ಎಂದು ಸೆರಗಿಗೆ ಜೋತುಬೀಳುತ್ತಿದ್ದಳು.

ಅಜ್ಜಿ ಕಥೆ ಬಚ್ಚಿಟ್ಟುಕೊಂಡಿದ್ದಾರಾ ಎಂದು ತಮಾಂಡಾ ಕೇಳಿದ ರಾತ್ರಿಯ ಮರುದಿನ ಕೈಪಂಪಿನ ಹತ್ತಿರ ಎನೆಲೆಸಿಗೆ ಮಲಿತಾ ಸಿಕ್ಕಳು. ಮುದುಕಿ ಸೊರಗಿದ್ದಳು. ಕೂಸಿನ ಕೆನ್ನೆ ಹಿಂಡಿದಳು, ಕೂಸಿಗೆ ತೊಡಿಸಿದ ಟೋಪಿ ಹಿಂದುಮುಂದಾಗಿದೆ ಎಂದು ಸರಿಮಾಡಿದಳು, ಬಕೆಟ್ಟನ್ನು ಹೀಗಲ್ಲ ಹೀಗೆ ಇಡಬೇಕೆಂದು ತೋರಿಸಿದಳು. ನಾಂಬೆವೆಯ ಹೆಸರು ಎತ್ತಲಿಲ್ಲ. ಎನೆಲೆಸಿಯೂ ಎತ್ತಲಿಲ್ಲ, ಮಗಳು ರಾತ್ರಿ ಮಲಗುವುದಿಲ್ಲ ಎಂದಷ್ಟೇ ಹೇಳಿದಳು.

"ಯಾಕೆ, ಹೊಟ್ಟೆನೋವಾ?"

"ಇಲ್ಲ ಅಜ್ಜಿ. ಆಮೆ ಚಿಂತೆ. ಕಥೆ ಬೆಂಕಿ ಹತ್ತಿರ ನಿಂತುಬಿಟ್ಟಿದೆ."

ಮಲಿತಾಳ ಕೈ ಪಂಪಿನ ಹಿಡಿಯ ಮೇಲೆ ನಿಂತಿತು. "ಬೆಂಕಿ ಹತ್ತಿರವಾ? ಅಲ್ಲಿ ಯಾರು ನಿಲ್ಲಿಸ್ತಾರೆ? ನಿಲ್ಲಿಸೋದಾದರೆ ಹುತ್ತದ ಹತ್ತಿರ ನಿಲ್ಲಿಸಬೇಕು, ಬೆಂಕಿ ಬಿದ್ದಮೇಲೆ ನಿಲ್ಲಿಸಿದರೆ ಮಕ್ಕಳು..." ಎಂದವಳು ಬಾಯಿ ಮುಚ್ಚಿಕೊಂಡಳು. ಬಕೆಟ್ಟು ತುಂಬುವ ಮೊದಲೇ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು. ಅರ್ಧ ಬಕೆಟ್ಟಿನ ನೀರು ಅವಳ ನಡಿಗೆಗೆ ತುಳುಕುತ್ತಿತ್ತು.

ಮಧ್ಯಾಹ್ನ ಅಟ್ಟಣೆಗಳ ಹತ್ತಿರ ಮೀನು ತಿರುವುತ್ತ ಎನೆಲೆಸಿ ಇದನ್ನು ನಾಂಬೆವೆಗೆ ಹೇಳಿದಳು. ಹೇಳಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿ, ಯೋಚಿಸಲೂ ಸುಸ್ತಾಗಿ ಹೇಳಿಬಿಟ್ಟಳು. ನಾಂಬೆವೆ ಅಟ್ಟಣೆಯ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ಮಲಿತಾ ಆಡಿದ್ದನ್ನು ಇದ್ದಹಾಗೆ ಇನ್ನೊಮ್ಮೆ ಹೇಳು ಎಂದಳು. ಎನೆಲೆಸಿ ಹೇಳಿದಳು.

"ಹುತ್ತದ ಹತ್ತಿರ ಅಂದಳಾ" ಎಂದು ನಾಂಬೆವೆ ತನ್ನಷ್ಟಕ್ಕೆ ಅಂದುಕೊಂಡಳು. "ತಡೀಲಾರಳು. ಟೋಪಿನೂ ತಿದ್ದಿದಳಾ?"

"ತಿದ್ದಿದರು."

ಮುದುಕಿ ಸರೋವರದ ಕಡೆ ತಿರುಗಿದಳು. ಕಾಗೆಯೊಂದು ಅಟ್ಟಣೆಯ ಮೂಲೆಗೆ ಬಂದು ಕೂತು ಮೀನು ಎತ್ತಿಕೊಂಡು ಹೋಯಿತು. ಅವಳು ಬೈಯಲಿಲ್ಲ.

"ಎನೆಲೆಸಿ, ನಿನಗೆ ಕಥೆ ಹೇಳೋಕೆ ಬರುತ್ತಾ?"

"ನನಗೆಲ್ಲಿ ಬರುತ್ತೆ ಅಜ್ಜಿ. ಹೇಳೋಕೆ ಹೋದರೆ ಎಲ್ಲ ಕಲಸಿಹೋಗುತ್ತೆ."

"ಅದಕ್ಕೇ ನಿನ್ನ ಕೇಳ್ತಿರೋದು." ನಾಂಬೆವೆ ಕೈಯೂರಿ ಮೇಲೆದ್ದು ಹತ್ತಿರ ಬಂದಳು. ಕೂಸಿನ ಜಾರಿದ ಕಾಲನ್ನು ಎತ್ತಿ ಬಟ್ಟೆಯೊಳಗೆ ಸೇರಿಸಿದಳು. "ನನ್ನ ಬುಟ್ಟಿ ಅಲ್ಲಿಗೆ ಹೋಗೋ ಹಾಗಿಲ್ಲ, ನಾನೂ ಹೋಗೋ ಹಾಗಿಲ್ಲ. ನೀನು ಹೋಗಬಹುದು. ಇವತ್ತು ಕತ್ತಲಾಗ್ತಿದ್ದ ಹಾಗೆ ಮಕ್ಕಳನ್ನೆಲ್ಲ ಕರಕೊಂಡು ಅವಳ ಜಗಲಿಗೆ ಹೋಗಿ ಕೂತ್ಕೋ. ಆಮೆ ಕಥೆ ಹೇಳು. ತಪ್ಪು ತಪ್ಪಾಗಿ ಹೇಳು."

"ಹಗಲಲ್ಲಿ ಕಥೆ ಮಾತಾಡಬೇಡಿ ಅಜ್ಜಿ, ಕೊಂಬು ಬಂದೀತು" ಎಂದಳು ಎನೆಲೆಸಿ. ದಣಿವಿನಲ್ಲೂ ಅವಳಿಗೆ ನಗು ಬಂದಿತ್ತು.

"ಇದು ಕಥೆ ಅಲ್ಲ ಕಣೇ, ಕಥೆಯ ತಪ್ಪು. ತಪ್ಪಿಗೆ ಕೊಂಬಿಲ್ಲ." ನಾಂಬೆವೆ ಧ್ವನಿ ತಗ್ಗಿಸಿದಳು, ಕಾಗೆಗಳೂ ಕೇಳಬಾರದೆಂಬಂತೆ. "ಬೆಂಕಿ ನೀರಿನ ಕಡೆಯಿಂದ ಬಂತು ಅನ್ನು. ಆಮೆ ಮರ ಹತ್ತಿತು ಅನ್ನು. ಅಷ್ಟಕ್ಕೂ ಅವಳು ಒಳಗಿಂದ ಎದ್ದು ಬರದಿದ್ದರೆ, ಗಿನಿಕೋಳಿ ಮೈಮೇಲಿರೋದು ಬೂದಿನೂ ಅಲ್ಲ, ಹಿಟ್ಟೂ ಅಲ್ಲ, ಮೀನಿನ ಹುರುಪೆ ಅನ್ನು."

ಎನೆಲೆಸಿ ಕೈಯಲ್ಲಿದ್ದ ಮೀನನ್ನು ಹಾಗೇ ಹಿಡಿದು ನಿಂತಳು. ಸಂಜೆಗೆ ಮುದ್ದೆಯಾಗಬೇಕು, ಬಟ್ಟೆ ಒಗೆಯಬೇಕು, ಕೂಸಿಗೆ ಹಲ್ಲು ಮೂಡುವ ಜ್ವರ. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದಳು. ಮುದುಕಿಯ ಕೈ ಎದ್ದಿತು, ಅವಳ ತೋಳಿಗೆ ಹೊಡೆಯುವ ಮೊದಲೇ ತಡೆದುಕೊಂಡು, ಅಲ್ಲೇ ಮೆಲ್ಲಗೆ ಊರಿತು.

"ಅವಳು ಬಾಯಿ ಹಾಕಿದ ಕೂಡಲೇ ಸುಮ್ಮನಾಗಿಬಿಡಬೇಡ, ಮಗಳೇ. ಹುರುಪೆಯೇ ಸರಿ ಅಂತ ವಾದ ಮಾಡು. 'ಬಾ, ನನ್ನ ಅಂಜಿರಾಳನ್ನೇ ಕೇಳೋಣ' ಅಂತ ಅವಳು ಸ್ಟೂಲು ಎತ್ತಿಕೊಳ್ಳೋ ತನಕ ಸೋಲಬೇಡ. ಇದೊಂದು ನನಗೋಸ್ಕರ ಮಾಡ್ತೀಯಾ?"